ಗುಡ್ಡ ಹತ್ತಿದರೆ ಏನು ಕಾಣುತ್ತದೆ?

2020ರ ಮಳೆಗಾಲ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಮೇಲಿನ ಸೊಪ್ಪಿನಬೆಟ್ಟದ ನೆತ್ತಿಯಲ್ಲಿ ದಿನಾ ಬೆಳಿಗ್ಗೆ ಏಳೆಂಟು ಕೊಡೆಗಳು ಬಿಚ್ಚಿಕೊಳ್ಳುತ್ತಿದ್ದವು. ಊರಿನಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ಕಾಲೇಜುಗಳು ಮುಚ್ಚಿದ್ದರಿಂದ ಶಿವಮೊಗ್ಗ, ಮಂಗಳೂರು, ಬೆಂಗಳೂರುಗಳಿಂದ ಮನೆಗೆ ಮರಳಿದ್ದ ಹುಡುಗ ಹುಡುಗಿಯರು ಒಂದೊಂದು ಕೊಡೆಯ ಕೆಳಗೆ ಕುಳಿತು ಫೋನಿನಲ್ಲಿ ಪಾಠ ಕೇಳುತ್ತಿದ್ದರು. ಆ ಸಾಲಿನಲ್ಲಿ ಒಂದು ಕೊಡೆ ಮಾತ್ರ ಬೇರೆ. ಅದರ ಕೆಳಗೆ ಕುಳಿತವರು ಪಾಠ ಕೇಳುತ್ತಿರಲಿಲ್ಲ, ಹೇಳುತ್ತಿದ್ದರು.

ಊರಿನವರು ಅವರನ್ನು 'ಮಾಲ್ಡೀವ್ಸ್ ಟೀಚರು' ಎನ್ನುತ್ತಾರೆ. ಕಲಿಸುವುದು ಗಣಿತ. ಅಂದು ಪಾಠ ಕೇಳುತ್ತಿದ್ದವರು ಸಾವಿರ ಕಿಲೋಮೀಟರಿಗೂ ಆಚೆ, ಮಾಲ್ಡೀವ್ಸ್‌ನ ಪುಟ್ಟ ದ್ವೀಪವೊಂದರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬೇಕಾಗಿದ್ದ ಹನ್ನೊಂದು ಮಕ್ಕಳು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಟೀಚರು ಊರಿಗೆ ಬಂದು ಎರಡು ತಿಂಗಳಾಗಿದ್ದರೂ ಕೈಗಡಿಯಾರವನ್ನು ತಿದ್ದಿಕೊಂಡಿರಲಿಲ್ಲ. 'ಪಾಠದ ಹೊತ್ತು ತಪ್ಪಬಾರದಲ್ಲ' ಎಂದು ಕೇಳಿದವರಿಗೆ ಹೇಳುತ್ತಿದ್ದರು. ಕಾರಣ ಅದೊಂದೇ ಅಲ್ಲವೆಂಬುದು ಅವರಿಗೂ ಗೊತ್ತಿತ್ತು.

ಒಂದು ದಿನ ಮಳೆ ಹೊಳವಾಗಿ, ಅವರ ಬೆನ್ನ ಹಿಂದಿನ ಮೋಡ ಸರಿದು, ಸಾಲು ಗುಡ್ಡಗಳು ಕಂಡವು.

'ಮಿಸ್, ನಿಮ್ಮ ಹಿಂದೆ ಇರುವುದೇನು?' ಫೋನಿನಲ್ಲಿ ಒಂದು ದನಿ ಕೇಳಿತು.

'ಗುಡ್ಡ.'

ಆ ಕಡೆ ಒಮ್ಮೆಗೇ ಗದ್ದಲ. ಲೆಕ್ಕ ಅಲ್ಲಿಗೇ ನಿಂತಿತು. ಟೀಚರು ಫೋನನ್ನು ನಿಧಾನವಾಗಿ ಸುತ್ತ ತಿರುಗಿಸಿ ತೋರಿಸಬೇಕಾಯಿತು. 'ಮಿಸ್, ಅದರ ತುದಿಗೆ ಹತ್ತಿದರೆ ಏನು ಕಾಣುತ್ತದೆ?' ಎಂದು ಒಬ್ಬ ಹುಡುಗ ಕೇಳಿದ. ಉತ್ತರ ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು.

ಗುಡ್ಡ ಕಂಡು ಹದಿನಾರು ವರ್ಷದ ಮಕ್ಕಳು ಗದ್ದಲ ಮಾಡುವುದೆಂದರೇನು ಎಂದು ನಮಗೆ ಅನ್ನಿಸಬಹುದು. ಮಾಲ್ಡೀವ್ಸ್‌ನಲ್ಲಿ ಸುಮಾರು 1200 ದ್ವೀಪಗಳಿವೆ. ಜನ ನೆಲೆಸಿರುವುದು ಇನ್ನೂರರ ಆಸುಪಾಸಿನಲ್ಲಿ. ಎಲ್ಲವೂ ಹವಳದ ಮೇಲೆ ಕಟ್ಟಿಕೊಂಡ ಮರಳ ದಿಬ್ಬಗಳು. ಬಹುಪಾಲು ನೆಲ ಸಮುದ್ರ ಮಟ್ಟದಿಂದ ಒಂದೂವರೆ ಮೀಟರಿನಷ್ಟು ಮಾತ್ರ ಮೇಲಿದೆ. ಅಲ್ಲಿ ಗುಡ್ಡವಿಲ್ಲ, ಹೊಳೆಯಿಲ್ಲ. ಉಂಗುರದಂತೆ ಜೋಡಿಸಿಕೊಂಡ ಇಂಥ ದ್ವೀಪಗಳ ಗುಂಪಿಗೆ ಭೂಗೋಳದ ಪುಸ್ತಕಗಳಲ್ಲಿ 'ಅಟಾಲ್' ಎನ್ನುತ್ತಾರಲ್ಲ, ಆ ಮಾತು ಜಗತ್ತಿಗೆ ಬಂದದ್ದೇ ಅಲ್ಲಿಯ ದಿವೆಹಿ ಭಾಷೆಯಿಂದ.

ಇನ್ನೊಂದು ಕಾರಣವೂ ಇತ್ತು. ಆ ತರಗತಿಯ ಮಕ್ಕಳು ಹುಟ್ಟಿದ್ದು 2004ರ ಹೊತ್ತಿನಲ್ಲಿ. ಆ ವರ್ಷ ಡಿಸೆಂಬರ್ 26ರಂದು ಸುನಾಮಿ ಬಂದಾಗ ಓಡಿಹೋಗಿ ಹತ್ತಿ ನಿಲ್ಲಲು ಅಲ್ಲಿ ಎತ್ತರದ ಜಾಗವೆಂಬುದೇ ಇರಲಿಲ್ಲ. ಆ ಕತೆ ಕೇಳುತ್ತಲೇ ಬೆಳೆದ ಹುಡುಗಿಯೊಬ್ಬಳು ಹಿಂದೊಮ್ಮೆ ಟೀಚರಿಗೆ ಹೇಳಿದ್ದಳು: 'ನಿಮ್ಮೂರು ಒಳ್ಳೆಯದು ಮಿಸ್. ನೀರು ಬಂದರೆ ನೀವು ಗುಡ್ಡ ಹತ್ತಬಹುದು.'

ಟೀಚರು ಆ ದ್ವೀಪಕ್ಕೆ ಹೋದದ್ದು 2011ರಲ್ಲಿ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಅನೇಕ ತೋಟಗಳಂತೆ ಅವರ ತೋಟಕ್ಕೂ ಹಳದಿ ಎಲೆ ರೋಗ ಹತ್ತಿತ್ತು. ಫಸಲು ವರ್ಷದಿಂದ ವರ್ಷಕ್ಕೆ ಇಳಿಯಿತು, ಸಾಲ ಏರಿತು. ಎಂ.ಎಸ್ಸಿ., ಬಿ.ಎಡ್. ಮಾಡಿಕೊಂಡಿದ್ದ ಆಕೆಗೆ ಖಾಸಗಿ ಶಾಲೆಯೊಂದರಲ್ಲಿ ಸಿಗುತ್ತಿದ್ದ ಸಂಬಳ ಬಡ್ಡಿಗೂ ಸಾಲುತ್ತಿರಲಿಲ್ಲ. ಮಾಲ್ಡೀವ್ಸ್‌ನ ಶಾಲೆಗಳಲ್ಲಿ ಇಂಗ್ಲಿಷ್‌ನಲ್ಲಿ ಗಣಿತ, ವಿಜ್ಞಾನ ಕಲಿಸಲು ಭಾರತದಿಂದ, ಅದರಲ್ಲೂ ದಕ್ಷಿಣದ ರಾಜ್ಯಗಳಿಂದ, ಶಿಕ್ಷಕರು ಹೋಗುವುದು ಬಹಳ ವರ್ಷಗಳಿಂದ ನಡೆದುಬಂದಿದೆ. ಅರ್ಜಿ ಹಾಕಿದರು, ಕೆಲಸ ಸಿಕ್ಕಿತು. ಆಗ ಮಗಳಿಗೆ ಏಳು ವರ್ಷ. 'ಒಂದೇ ವರ್ಷ, ಕಣ್ಣು ಮುಚ್ಚಿ ಬಿಡೋದ್ರೊಳಗೆ ಬಂದ್ಬಿಡ್ತೀನಿ' ಎಂದು ಹೇಳಿ ಹೊರಟರು.

ಪರದೇಶಕ್ಕೆ ದುಡಿಯಲು ಹೋದವರ ಮನೆಗಳಲ್ಲಿ ಈ 'ಒಂದೇ ವರ್ಷ' ಎಂಬ ಮಾತು ಎಲ್ಲರಿಗೂ ಪರಿಚಿತ. ಮೊದಲ ವರ್ಷದ ದುಡಿಮೆ ಬಡ್ಡಿಗೆ ಹೋಯಿತು. ಆಮೇಲೆ ಅಸಲು. ಆಮೇಲೆ ಸೋರುತ್ತಿದ್ದ ಮಾಡು. ಆಮೇಲೆ ಮಗಳ ಮುಂದಿನ ಓದಿಗೆಂದು ಬ್ಯಾಂಕಿನಲ್ಲಿ ಒಂದಿಷ್ಟು. ಹೀಗೆ ಒಂದೇ ವರ್ಷ ಎನ್ನುತ್ತ ಒಂಬತ್ತು ವರ್ಷ ಕಳೆಯಿತು. ಶಾಲೆಗೆ ರಜೆಯಿರುವ ಡಿಸೆಂಬರಿನಲ್ಲಿ ಊರಿಗೆ ಬಂದು ಹೋಗುತ್ತಿದ್ದರು. ಅಮ್ಮ ಬರುವ ತಿಂಗಳು, ಅಮ್ಮ ಇಲ್ಲದ ತಿಂಗಳುಗಳು ಎಂದು ಮಗಳ ಪಾಲಿಗೆ ವರ್ಷವೇ ಎರಡು ಭಾಗವಾಗಿತ್ತು.

ದ್ವೀಪದ ಬದುಕು ಸುಲಭವಾಗಿತ್ತೆಂದಲ್ಲ. ತರಕಾರಿ ದೋಣಿಯಲ್ಲಿ ಬರಬೇಕು. ಕಡಲು ಕೆರಳಿದ ವಾರ ಈರುಳ್ಳಿ, ಆಲೂಗಡ್ಡೆಯಲ್ಲೇ ಅಡುಗೆ. ಆ ಈರುಳ್ಳಿ, ಆಲೂಗಡ್ಡೆಯೂ ಭಾರತದ್ದೇ ಎಂದು ತಿಳಿದ ದಿನ ಅವರಿಗೆ ಚೀಲವನ್ನೇ ಮಾತಾಡಿಸಬೇಕು ಅನ್ನಿಸಿತ್ತಂತೆ. ಸಂಬಳ ಬರುವುದು ಅಲ್ಲಿಯ ರುಫಿಯಾದಲ್ಲಿ; ಅದನ್ನು ಡಾಲರ್ ಮಾಡಿ ಮನೆಗೆ ಕಳುಹಿಸುವುದು ಪ್ರತಿ ತಿಂಗಳ ತಾಪತ್ರಯ. ಲಿಪಿ ಬಲದಿಂದ ಎಡಕ್ಕೆ. ಕಿವಿಗೆ ಮೊದಲು ದಕ್ಕಿದ ಮಾತು ಒಂದೇ: 'ದೋನಿ'. ನಮ್ಮ ದೋಣಿಗೆ ಅವರೂ ಹಾಗೆಯೇ ಎನ್ನುತ್ತಾರೆ.

ಪಾಠವೂ ಹೊಸತಾಗಿ ಕಲಿಯಬೇಕಾಯಿತು. 'ಹೊಳೆಯ ಹರಿವಿಗೆ ಎದುರಾಗಿ ದೋಣಿ ಗಂಟೆಗೆ ಇಷ್ಟು ಕಿಲೋಮೀಟರ್ ಹೋದರೆ' ಎಂಬ ಲೆಕ್ಕ ಕೊಟ್ಟಾಗ ಮಕ್ಕಳು ಪಿಳಿಪಿಳಿ ನೋಡಿದರು. ಹೊಳೆ ಎಂದರೆ ಏನೆಂದು ತುಂಗೆಯ ದಡದಲ್ಲಿ ಬೆಳೆದವರು ಹೇಗೆ ವಿವರಿಸುವುದು? ಕೊನೆಗೆ ಎರಡು ದ್ವೀಪಗಳ ನಡುವಿನ ಸೆಳೆತದ ಮಾತು ತೆಗೆದರು. ಮೀನು ಹಿಡಿಯುವವರ ಮಕ್ಕಳು ಲೆಕ್ಕವನ್ನು ಅರೆಕ್ಷಣದಲ್ಲಿ ಮಾಡಿ ಮುಗಿಸಿದರು. ತ್ರಿಕೋನಮಿತಿಯ ಪಾಠದಲ್ಲಿ 'ಬೆಟ್ಟದ ಎತ್ತರ' ಹೋಗಿ 'ಮೊಬೈಲ್ ಗೋಪುರದ ಎತ್ತರ' ಬಂದಿತು. ಕಲಿಸುವವರೂ ಕಲಿಯುವವರೂ ಹೀಗೆ ಒಬ್ಬರಿಗೊಬ್ಬರು ಒಗ್ಗಿಕೊಂಡರು.

2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿತು. ಏಪ್ರಿಲ್‌ನಲ್ಲಿ ಊರಿನಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ವಿಮಾನಗಳಿರಲಿಲ್ಲ. ಮೇ 8ರಂದು ನೌಕಾಪಡೆಯ ಜಲಾಶ್ವ ಹಡಗು 698 ಭಾರತೀಯರನ್ನು ಹತ್ತಿಸಿಕೊಂಡು ಮಾಲೆಯಿಂದ ಹೊರಟಿತು. ತುರ್ತು ಕಾರಣವಿದ್ದವರ ಜೊತೆ ಟೀಚರಿಗೂ ಜಾಗ ಸಿಕ್ಕಿತು. ಎರಡು ರಾತ್ರಿ ಕಡಲ ಮೇಲೆ ಕಳೆದು 10ರಂದು ಕೊಚ್ಚಿಯಲ್ಲಿ ಇಳಿದು, ಕ್ವಾರಂಟೈನ್ ಮುಗಿಸಿ ಮನೆಯ ಮೆಟ್ಟಿಲು ಹತ್ತುವಾಗ ಮುಂಗಾರು ಹತ್ತಿರ ಬಂದಿತ್ತು.

ಮನೆಗೆ ಬಂದಾಯಿತು. ಆದರೆ ಮನೆಯಲ್ಲಿ ಅವರ ಜಾಗ ಎಲ್ಲಿತ್ತು?

ಮರುದಿನ ಬೆಳಿಗ್ಗೆ ಉಪ್ಪಿನ ಭರಣಿ ಹುಡುಕಿದರೆ ಸಿಗಲಿಲ್ಲ. ಅದು ಜಾಗ ಬದಲಿಸಿ ನಾಲ್ಕು ವರ್ಷವಾಗಿತ್ತು. ಮಗಳನ್ನು ಎಬ್ಬಿಸಲು ಹೋದರೆ ಹಾಸಿಗೆ ಮಡಿಸಿಟ್ಟಾಗಿತ್ತು. ಅವಳು ಅಜ್ಜಿಗೆ ಬಿಸಿನೀರು ಕಾಯಿಸುತ್ತಿದ್ದಳು. 'ಅಮ್ಮ, ನಿಂಗೆ ಕಾಫಿಗೆ ಸಕ್ಕರೆ ಎಷ್ಟು?' ಎಂದು ಕೇಳಿದಳು. ಬಂದ ನೆಂಟರನ್ನು ಕೇಳುವಂತೆ, ಅಷ್ಟೇ ಮರ್ಯಾದೆಯಿಂದ. ಆ ಮರ್ಯಾದೆಯೇ ಟೀಚರಿಗೆ ನಾಟಿತು.

ಜೂನ್ 25ರಿಂದ ಮುಂದೂಡಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮಗಳು ಬರೆಯಬೇಕು. ದ್ವೀಪದ ಆ ಹನ್ನೊಂದು ಮಕ್ಕಳದೂ ಇವಳದೂ ಒಂದೇ ವಯಸ್ಸು. ಹನ್ನೊಂದು ಮಕ್ಕಳಲ್ಲಿ ಯಾರು ಚಿಹ್ನೆ ತಪ್ಪಿಸುತ್ತಾರೆ, ಯಾರು ಅವಸರಕ್ಕೆ ಕೂಡುವುದರಲ್ಲೇ ಎಡವುತ್ತಾರೆ ಎಂಬುದನ್ನು ಟೀಚರು ನಿದ್ದೆಯಲ್ಲೂ ಹೇಳಬಲ್ಲರು. ತನ್ನ ಮಗಳಿಗೆ ಎತ್ತರ ಮತ್ತು ದೂರದ ಲೆಕ್ಕಗಳೇ ಬರುವುದಿಲ್ಲವೆಂಬುದು ಗೊತ್ತಾದದ್ದು ಮಾತ್ರ ಪರೀಕ್ಷೆಗೆ ಹತ್ತು ದಿನ ಇರುವಾಗ. ಹೇಳಿಕೊಡಲು ಕುಳಿತರೆ ಅವಳು ಪುಸ್ತಕ ಮುಚ್ಚಿದಳು. 'ಬ್ಯಾಡ ಅಮ್ಮ, ಟ್ಯೂಷನ್ ಸರ್ ಹೇಳಿಕೊಟ್ಟಿದ್ದೇ ಸಾಕು' ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಹೀಗಿರುವಾಗ ದ್ವೀಪದ ನೆನಪು ಬರುವುದು ಸರಿಯೆ? ಬರುತ್ತಿತ್ತು. ಶಾಲೆ ಬಿಟ್ಟ ಮೇಲೆ ದಕ್ಕೆಯ ಬಳಿ, ಹಗ್ಗ ಹೆಣೆದ 'ಜೋಲಿ' ಕುರ್ಚಿಯಲ್ಲಿ ಕುಳಿತು ಮೀನು ದೋಣಿಗಳು ಮರಳುವುದನ್ನು ನೋಡುತ್ತಿದ್ದುದು. ಪಕ್ಕದ ಮನೆಯಾಕೆ ಟೀಚರಿಗೆಂದೇ ಮೀನು ಹಾಕದೆ ತೆಂಗಿನಕಾಯಿ, ಈರುಳ್ಳಿ ಕಲಸಿ, ಬಿಸಿ 'ರೋಶಿ'ಯ ಜೊತೆ ತಂದುಕೊಡುತ್ತಿದ್ದುದು. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಆಕೆ ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ; ಬರೀ 'ಮಿಸ್'. ತನ್ನ ಕೆಲಸದಿಂದಲೇ ಗುರುತು, ತನ್ನ ಸಂಬಳ, ತನ್ನ ಕೋಣೆಯ ಬೀಗ. ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ಹೇಗೆ? ಮನೆಗಾಗಿ ಕಷ್ಟಪಡಲು ಹೋದವಳು ಅಲ್ಲಿ ಸುಖವನ್ನೂ ಕಂಡೆ ಎಂದರೆ ಕೇಳಿದವರು ಏನೆಂದುಕೊಂಡಾರು?

ನಮ್ಮ ಕರಾವಳಿಗೂ ಆ ದ್ವೀಪಗಳಿಗೂ ನಂಟು ಹೊಸದಲ್ಲ, ಈ ಇಬ್ಬಂದಿತನವೂ ಹೊಸದಲ್ಲ. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ನಮ್ಮ ಹೊನ್ನಾವರವನ್ನು ಕಂಡು, ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಬರೆದವನು. ಮುಂದೆ 1343ರಲ್ಲಿ ಆತ ಮಾಲ್ಡೀವ್ಸ್ ತಲುಪಿ, ಅಲ್ಲಿಯೇ ನ್ಯಾಯಾಧೀಶನಾಗಿ, ಮದುವೆಯನ್ನೂ ಮಾಡಿಕೊಂಡ. ಬಿಟ್ಟು ಹೋದವನು ಅಲ್ಲಿ ಹುಟ್ಟಿದ್ದ ತನ್ನ ಮಗನಿಗಾಗಿ ಮತ್ತೆ ಬಂದ. ಕರೆದೊಯ್ಯಲು ಮನಸ್ಸಾಗದೆ ತಾಯಿಯ ಬಳಿಯೇ ಬಿಟ್ಟು ಹೊರಟುಹೋದ. ಮಳೆಗಾಲದ ಸಂಜೆ ಮಂಚದ ಮೇಲೆ ಕುಳಿತೇ ಅತ್ತೆ ಮೊಮ್ಮಗಳ ಜೊತೆ ಚೌಕಾಬಾರ ಆಡುತ್ತಿದ್ದರಲ್ಲ, ಆ ಆಟದ ಕವಡೆಗೂ ಆ ದ್ವೀಪಗಳಿಗೂ ಸಂಬಂಧವಿದೆ. ನಾಣ್ಯದಂತೆ ಕವಡೆ ಚಲಾವಣೆಯಲ್ಲಿದ್ದ ಕಾಲದಲ್ಲಿ ಅದರ ದೊಡ್ಡ ಮೂಲವೇ ಮಾಲ್ಡೀವ್ಸ್. ಇದನ್ನು ಕೇಳಿ ಅತ್ತೆ ನಕ್ಕರು. 'ಕವಡೆ ಕಾಸಿಗೂ ಕಿಮ್ಮತ್ತಿಲ್ಲ ಅಂತೀವಿ. ಅದಕ್ಕೂ ಅಷ್ಟು ದೂರ ಹೋಗ್ತಿದ್ರಾ ಮಾರಾಯ್ತಿ!'

ವರ್ಷದ ಕೊನೆಗೆ ದ್ವೀಪದ ಶಾಲೆಯಿಂದ ಪತ್ರ ಬಂದಿತು. ಮತ್ತೆರಡು ವರ್ಷಕ್ಕೆ ಬರುವಿರೋ ಇಲ್ಲವೋ, ತಿಂಗಳೊಳಗೆ ತಿಳಿಸಿ.

ಊರಿನಲ್ಲಿ ಸಲಹೆಗೆ ಬರವೇ? 'ಸಾಲ ತೀರಿತಲ್ಲ, ಇನ್ನೆಂತಕ್ಕೆ?' ಎಂದರು ಕೆಲವರು. 'ಮಗಳ ಮುಂದಿನ ಓದಿಗೆ ಎಷ್ಟು ಲಕ್ಷ ಬೇಕು ಗೊತ್ತುಂಟಾ?' ಎಂದರು ಇನ್ನು ಕೆಲವರು. ಗಂಡ, 'ನಿಂಗೆ ಹ್ಯಾಗೆ ಕಾಣುತ್ತೋ ಹಂಗೆ ಮಾಡು' ಎಂದು ತೋಟಕ್ಕೆ ಇಳಿದರು. ಊರುಗೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದ ಅತ್ತೆ ಮಾತ್ರ, 'ನನ್ನ ನೆಪ ಮಾಡಿ ನಿಲ್ಲಬ್ಯಾಡ. ಆಮೇಲೆ ನನ್ನ ಮೇಲೇ ಸಿಟ್ಟು ಬರುತ್ತೆ ನಿಂಗೆ' ಎಂದರು. ಮಗಳನ್ನು ಯಾರೂ ಕೇಳಲಿಲ್ಲ. ಅವಳ ಸಲುವಾಗಿ ಎಂದು ಎಲ್ಲರೂ ಮಾತಾಡುತ್ತಿದ್ದರೇ ಹೊರತು ಅವಳ ಜೊತೆ ಯಾರೂ ಮಾತಾಡಲಿಲ್ಲ.

ಡಿಸೆಂಬರಿನ ಒಂದು ಸಂಜೆ ತಾಯಿ ಮಗಳು ಇಬ್ಬರೇ ಆಗುಂಬೆಗೆ ಹೋದರು. ಮೋಡವಿಲ್ಲದ ದಿನ. ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಂತಾಗ, ಘಟ್ಟದ ಕೆಳಗಿನ ಬಯಲಿನಾಚೆ ಅರಬ್ಬೀ ಸಮುದ್ರ ತಗಡಿನಂತೆ ಹೊಳೆಯುತ್ತಿತ್ತು.

'ನಿನ್ನ ದ್ವೀಪ ಎಲ್ಲಿ? ಸೂರ್ಯ ಮುಳುಗ್ತಿದ್ದಾನಲ್ಲ, ಅಲ್ಲಾ?' ಮಗಳು ಕೇಳಿದಳು.

'ಅಲ್ಲ. ಎಡಕ್ಕೆ, ದಕ್ಷಿಣಕ್ಕೆ. ಇಲ್ಲಿಂದ ಕಾಣಲ್ಲ' ಎಂದ ಟೀಚರು, ಅಭ್ಯಾಸಬಲದಿಂದ ಲೆಕ್ಕ ಹೇಳಿದರು. ಭೂಮಿ ಗುಂಡಗಿರುವುದರಿಂದ ಸಮುದ್ರದ ದಡದಲ್ಲಿ ನಿಂತವರಿಗೆ ನಾಲ್ಕೂವರೆ ಕಿಲೋಮೀಟರಿನ ಆಸುಪಾಸಿಗೇ ದಿಗಂತ ಬಂದುಬಿಡುತ್ತದೆ. ಆಗುಂಬೆಯಂತೆ ಆರುನೂರು ಮೀಟರಿಗೂ ಎತ್ತರದಲ್ಲಿ ನಿಂತರೆ ಅದೇ ದಿಗಂತ ಸುಮಾರು ತೊಂಬತ್ತು ಕಿಲೋಮೀಟರ್ ದೂರ ಸರಿಯುತ್ತದೆ. ದ್ವೀಪ ಇರುವುದು ಸಾವಿರದಾಚೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸಮುದ್ರದ ಕಡೆಗೇ ನೋಡುತ್ತ ಹೇಳಿದಳು:

'ಅಮ್ಮ, ಹೋಗೋದಾದ್ರೆ ಹೋಗು. ನನಗೋಸ್ಕರ ಹೋಗ್ತೀನಿ ಅಂತ ಮಾತ್ರ ಹೇಳ್ಬ್ಯಾಡ. ಒಂಬತ್ತು ವರ್ಷದಿಂದ ಎಲ್ರೂ ನಂಗೆ ಅದನ್ನೇ ಹೇಳ್ತಾರೆ. ಎರಡು ಮಾರ್ಕ್ಸ್ ಕಮ್ಮಿ ಬಂದ್ರೂ, ನಿಮ್ಮಮ್ಮ ನಿನಗೋಸ್ಕರ ಅಲ್ಲಿ ಒಬ್ಳೇ ಕಷ್ಟಪಡ್ತಿದ್ದಾಳೆ ಅಂತಾರೆ. ನೀನು ಗುಡ್ಡದ ಮೇಲೆ ಕೂತು ಪಾಠ ಮಾಡೋದನ್ನ ನೋಡಿದೀನಿ ನಾನು. ನಿಂಗೆ ಅಲ್ಲಿ ಖುಷಿ ಇದೆ. ಹಂಗಂತ ಹೇಳಿ ಹೋಗು. ಆಗ ನಾನು ಸಿಟ್ಟಾದ್ರೂ ಮಾಡ್ಕೋಬಹುದು. ನನಗೋಸ್ಕರ ಅಂದ್ರೆ ಸಿಟ್ಟು ಮಾಡ್ಕೊಳಕ್ಕೂ ಆಗಲ್ಲ.'

ಸೂರ್ಯ ಮುಳುಗುವವರೆಗೂ ಟೀಚರು ಮಾತಾಡಲಿಲ್ಲ. ಮಕ್ಕಳಿಗಾಗಿ ಮಾಡುತ್ತಿದ್ದೇವೆ ಎಂದು ಹೇಳಿಕೊಂಡು ಎಲ್ಲ ತಂದೆತಾಯಿಯರೂ ಏನಾದರೊಂದು ಭಾರ ಹೊರುತ್ತಾರೆ. ಆ ಭಾರದ ಇನ್ನೊಂದು ತುದಿ ಮಗುವಿನ ಹೆಗಲ ಮೇಲೆ ಇರುತ್ತದೆಂಬುದು ಅವರಿಗೆ ಹೊಳೆದದ್ದು ಅಂದೇ. ಕೊನೆಗೆ ಹೇಳಿದರು: 'ಖುಷಿ ಇದೆ. ಹಗಲು ಖುಷಿಯಾಗೇ ಇರ್ತೀನಿ. ರಾತ್ರಿ ಅಲ್ಲ.'

ಅಮ್ಮ ಇಷ್ಟು ನಿಜವನ್ನು ಹೇಳಿದ್ದು ಅದೇ ಮೊದಲೆಂದು ಮಗಳಿಗೆ ಅನ್ನಿಸಿತಂತೆ.

2021ರ ಆರಂಭದಲ್ಲಿ ಟೀಚರು ದ್ವೀಪಕ್ಕೆ ಹೊರಟರು. ಮಗಳಿಗೋಸ್ಕರ ಎನ್ನಲಿಲ್ಲ, ಆ ಕೆಲಸ ತನಗೆ ಇಷ್ಟ ಎಂದರು. ಎರಡೇ ವರ್ಷ, ಆಮೇಲೆ ಇಲ್ಲ ಎಂದು ಈ ಸಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಯೇ ಹೋದರು. ಚೀಲದಲ್ಲಿ ತುಂಗೆಯ ದಡದಲ್ಲಿ ಆರಿಸಿದ ಒಂದು ಹಿಡಿ ನುಣುಪು ಕಲ್ಲುಗಳಿದ್ದವು. ಹೊಳೆ ಎಂದರೆ ಏನೆಂದು ಹೇಳಲು ಅದಕ್ಕಿಂತ ಒಳ್ಳೆಯ ಪಾಠೋಪಕರಣ ಬೇರೆ ಯಾವುದು? ಮಕ್ಕಳು ಅವನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ಗುಡ್ಡ ಹತ್ತಿದರೆ ಏನು ಕಾಣುತ್ತದೆಂದು ಕೇಳಿದ್ದ ಹುಡುಗನೂ ಶಾಲೆಯ ಬಳಿ ಸಿಕ್ಕಿದ. ಮರಳಿನ ಮೇಲೆ ದೊಡ್ಡ ವೃತ್ತ ಬರೆದು, ನಾಲ್ಕೂವರೆ ಕಿಲೋಮೀಟರ್ ಮತ್ತು ತೊಂಬತ್ತು ಕಿಲೋಮೀಟರಿನ ಲೆಕ್ಕವನ್ನು ಅವನಿಗೂ ಮಾಡಿಸಿದರು. 'ಹಾಗಾದರೆ ನಮ್ಮ ದ್ವೀಪ ನಿಮಗೆ ಕಾಣಲಿಲ್ಲವೆ?' ಎಂದು ಅವನು ಕೇಳಿದ. 'ಇಲ್ಲ' ಎಂದರು ಟೀಚರು. 'ಎಷ್ಟು ಎತ್ತರ ಹತ್ತಿದರೂ ಒಂದು ಕಡೆ ನಿಂತವರಿಗೆ ಇನ್ನೊಂದು ಕಡೆ ಕಾಣುವುದಿಲ್ಲ.'

ಊರಿನಲ್ಲಿ ಮಗಳು ಹೇಳಿದಂತೆಯೇ ಸಿಟ್ಟು ಮಾಡಿಕೊಂಡಳು. ಎರಡು ತಿಂಗಳು ಫೋನಿಗೆ ಸರಿಯಾಗಿ ಬರಲಿಲ್ಲ. 'ಓದ್ಕೋಬೇಕು, ಇಡ್ತೀನಿ' ಅಷ್ಟೆ. ಟೀಚರು ದೂರಲಿಲ್ಲ. ಕಾಫಿಗೆ ಸಕ್ಕರೆ ಎಷ್ಟೆಂದು ಕೇಳುವ ಮರ್ಯಾದೆಗಿಂತ ಆ ಸಿಟ್ಟು ಅವರಿಗೆ ಹತ್ತಿರದ್ದೆನಿಸಿತ್ತು.

2022ರ ಕೊನೆಗೆ, ಗುರುತು ಹಾಕಿದ್ದ ತಿಂಗಳಲ್ಲೇ, ಅವರು ಊರಿಗೆ ಮರಳಿದರು. ಈಗ ಪಕ್ಕದ ಊರಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ. ಗಡಿಯಾರವನ್ನು ತಿದ್ದಿಕೊಂಡಿದ್ದಾರೆ. ಆದರೂ ಸಂಜೆ ನಾಲ್ಕೂವರೆಯಾದರೆ, ಅಲ್ಲಿ ನಾಲ್ಕು, ದೋಣಿಗಳು ಮರಳುವ ಹೊತ್ತು ಎಂದು ಮನಸ್ಸು ಅರ್ಧ ಗಂಟೆಯನ್ನು ತಾನಾಗಿಯೇ ಕಳೆಯುತ್ತದೆ.

ಆದರೆ ಆ ಎರಡು ವರ್ಷಗಳಲ್ಲಿ ಅವರು ಮರೆಯದಿರುವುದು ಒಂದು ಬೆಳಗನ್ನು. 2021ರ ಮಳೆಗಾಲ. ಎರಡನೆಯ ಅಲೆಯಿಂದಾಗಿ ಕಾಲೇಜುಗಳು ಮತ್ತೆ ಮುಚ್ಚಿದ್ದವು. ಸೊಪ್ಪಿನಬೆಟ್ಟದ ಮೇಲೆ ಮತ್ತೆ ಕೊಡೆಗಳು ಬಿಚ್ಚಿಕೊಂಡಿದ್ದವು. ದ್ವೀಪದಲ್ಲಿ ಟೀಚರ ಫೋನು ಬಡಿದುಕೊಂಡಿತು. ಎತ್ತಿದರೆ, ಕೊಡೆಯ ಕೆಳಗೆ, ಮಳೆಯ ಸದ್ದಿನ ನಡುವೆ ಮಗಳ ಮುಖ. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

'ಅಮ್ಮ, ತ್ರಿಕೋನಮಿತಿಯ ಒಂದು ಲೆಕ್ಕ ಬರ್ತಿಲ್ಲ. ಬೇಗ ಹೇಳು, ಸಿಗ್ನಲ್ ಹೋಗುತ್ತೆ' ಎಂದಳು.